ಪಂಪಿಗೆ ಆಯುಧಪೂಜೆ ಮಾಡಿದ ವರ್ಷ

ಆಗ ನನಗೆ ಐವತ್ತೊಂಬತ್ತು. ಎಂಟು ವರ್ಷದ ಹಿಂದಿನ ಮಾತು. ನ್ಯೂಜೆರ್ಸಿಯ ಎಡಿಸನ್ ಹತ್ತಿರ ಒಂದು ದೊಡ್ಡ ಸೂಪರ್‌ಮಾರ್ಕೆಟ್ಟು, ಅದರ ಅಂಗಳದಲ್ಲೇ ಅವರದೇ ಪೆಟ್ರೋಲ್ ಪಂಪು. ಅಲ್ಲಿ ಕಾರುಗಳಿಗೆ ಪೆಟ್ರೋಲ್ ತುಂಬುವುದು ನನ್ನ ಕೆಲಸ. ಇಲ್ಲಿ ಅದಕ್ಕೆ ಗ್ಯಾಸ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಬೇರೆ ರಾಜ್ಯಗಳಲ್ಲಿ ಕಾರಿನವರೇ ಇಳಿದು ತುಂಬಿಕೊಳ್ಳುತ್ತಾರೆ. ನ್ಯೂಜೆರ್ಸಿಯಲ್ಲಿ ಅದಕ್ಕೆ ಕಾನೂನು ಬಿಡುವುದಿಲ್ಲ. ಅವರು ಒಳಗೆ ಬೆಚ್ಚಗೆ ಕೂತಿರಬೇಕು, ನಾವು ಹೊರಗೆ ನಿಂತು ತುಂಬಬೇಕು. ಆ ಕಾನೂನಿನಿಂದ ನಮ್ಮಂಥವರು ಎಷ್ಟೋ ಜನ ಊಟ ಮಾಡಿದ್ದೇವೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತೇನೆ, ಹಾಗೇ ನಿಧಾನಕ್ಕೆ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅಂಕಿ ಗೊತ್ತು, ಬಣ್ಣ ಗೊತ್ತು, ಬೈಗುಳ ಗೊತ್ತು. ಪಂಪಿಗೆ ಅಷ್ಟು ಸಾಕಿತ್ತು. ನಮ್ಮ ಯಜಮಾನರು ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಕಾವಲಿಯ ಮುಂದೆ ನಿಂತೂ ನಿಂತೂ ಸೊಂಟ ಹೋಯಿತು. ಅವರು ಕೂತ ಮೇಲೆ ನಾನು ಹೊರಗೆ ಹೊರಟೆ. ಆ ಪಂಪಿನಲ್ಲಿ ಆರು ವರ್ಷ, ಅಲ್ಲಿಂದ ತೆಗೆದುಹಾಕಿದ ಮೇಲೆ ಇನ್ನೊಂದು ಪಂಪಿನಲ್ಲಿ ಐದು ವರ್ಷ ದುಡಿದೆ. ಮೂರು ವರ್ಷದಿಂದ ಮನೆಯಲ್ಲಿದ್ದೇನೆ.

ಈಗ ನಮ್ಮ ಕಡೆಯ ಹೆಂಗಸರು ಮೂರು ನಾಲ್ಕು ಜನ ಈ ಕೆಲಸಕ್ಕೆ ಸೇರಿದ್ದಾರೆ. ಹೇಗಿರುತ್ತೆ ಆಂಟಿ ಎಂದು ಕೇಳುತ್ತಾರೆ. ಚಳಿ, ಕಾಲುನೋವು, ವಾಸನೆ ಎಲ್ಲ ಒಂದು ವಾರದಲ್ಲಿ ನಿಮಗೇ ಗೊತ್ತಾಗುತ್ತದೆ. ಯಾರೂ ಹೇಳದೆ ಇರುವುದು ಹೆದರಿಕೆಯ ವಿಷಯ. ಅದನ್ನು ಬರೆಯುತ್ತೇನೆ.

ಮೊದಲನೇ ಹೆದರಿಕೆ ಬೆಂಕಿಯದು. ಚಳಿಗಾಲದಲ್ಲಿ ಉಣ್ಣೆಯ ಸ್ವೆಟರ್ ಹಾಕಿಕೊಂಡು ಪೈಪಿನ ತುದಿಯ ನಳಿಗೆ ಹಿಡಿದರೆ ಬೆರಳ ತುದಿಯಲ್ಲಿ ಚಟ್ ಎಂದು ಕಿಡಿ ಹಾರುತ್ತದೆ. ಅಲ್ಲೇ ಗ್ಯಾಸಿನ ಹಬೆ ಇರುತ್ತದೆ. ಮೊದಲು ಬರಿಗೈಯಲ್ಲಿ ಕಾರಿನ ತಗಡನ್ನು ಮುಟ್ಟಿ, ಆಮೇಲೆ ನಳಿಗೆಗೆ ಕೈ ಹಾಕಿ. ನನಗೆ ಇದನ್ನು ಹೇಳಿಕೊಟ್ಟವನು ಟ್ಯಾಂಕರ್ ಓಡಿಸುವವನು, ಹೈಟಿ ದೇಶದವನು. ಅವನ ಇಂಗ್ಲಿಷು ನನ್ನದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಕೈಸನ್ನೆಯಲ್ಲೇ ಎಲ್ಲ ಕಲಿಸಿದ.

ಎರಡನೇ ಹೆದರಿಕೆ ತಪ್ಪು ಗ್ಯಾಸಿನದು. ಸೇರಿದ ಎರಡನೇ ತಿಂಗಳು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಜೆರಿಕೋದಿಂದ ನಮ್ಮವರೇ ಒಬ್ಬ ಡಾಕ್ಟರು ಬಂದಿದ್ದರು. ಯಾರದೋ ಮದುವೆಗೆ ಬಂದವರು, ಇಲ್ಲಿ ಅಗ್ಗ ಎಂದು ಹಾಗೇ ತುಂಬಿಸಿಕೊಂಡು ಹೋಗಲು ನಿಂತಿದ್ದರು. ಉದ್ದನೆಯ ಕಪ್ಪು ಕಾರು. ಡೀಸೆಲ್ ಅಂದರು. ಅವರು ಫೋನಿನಲ್ಲಿ ಮಾತಾಡುತ್ತಲೇ ಅಂದಿದ್ದರು, ನಾನು ಹಿಂದಿನ ಕಾರಿನವನ ಹಾರನ್ ಕೇಳುತ್ತಲೇ ಕೇಳಿಸಿಕೊಂಡಿದ್ದೆ. ಮಾಮೂಲಿ ಗ್ಯಾಸ್ ಹಾಕಿಬಿಟ್ಟೆ. ಅರ್ಧ ತುಂಬಿದ ಮೇಲೆ ಮುಚ್ಚಳದ ಮೇಲಿನ ಬಣ್ಣ ನೋಡಿದೆ. ಅವರು ಕೀಲಿ ತಿರುಗಿಸುವ ಮೊದಲು ಓಡಿಹೋಗಿ ಕಾರಿನ ಮುಂದೆ ಎರಡೂ ಕೈ ಚಾಚಿ ನಿಂತೆ. ಗಾಡಿ ಸ್ಟಾರ್ಟ್ ಆಗಿದ್ದರೆ ಎಂಜಿನ್ ಹೋಗುತ್ತಿತ್ತು. ಎಳೆದುಕೊಂಡು ಹೋಗಿ ಟ್ಯಾಂಕು ಖಾಲಿ ಮಾಡಿಸಿದರು. ಡಾಕ್ಟರು ನನ್ನನ್ನು ಬೈಯಲಿಲ್ಲ. ಇಂಥವರನ್ನೆಲ್ಲ ಯಾಕೆ ಇಟ್ಟುಕೊಳ್ಳುತ್ತೀರಿ ಎಂದು ನನ್ನ ಎದುರಿಗೇ ಮ್ಯಾನೇಜರನ್ನು ಕನ್ನಡದಲ್ಲಿ ಕೇಳಿದರು. ನನಗೆ ಕನ್ನಡ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಆ ಮ್ಯಾನೇಜರ್ ಶ್ರೀಧರ. ಮೈಸೂರಿನವನು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ನನಗೆ ಕೆಲಸ ಕೊಡಿಸಿದವನೂ ಅವನೇ. ಕೆಟ್ಟವನಲ್ಲ. ಆದರೆ ಮೇಲಿನವರ ಫೋನ್ ಬಂದರೆ ಎದ್ದು ನಿಂತು ಮಾತಾಡುತ್ತಿದ್ದ. ಅವನ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ, ಆ ಹೆದರಿಕೆ ಅವನನ್ನು ಮಲಗಲೂ ಬಿಡುತ್ತಿರಲಿಲ್ಲ. ಹೆದರುವ ಮೇಲಿನವನ ಕೈಕೆಳಗೆ ಕೆಲಸ ಮಾಡುವುದು ಬೈಯುವವನ ಕೈಕೆಳಗೆ ಮಾಡುವುದಕ್ಕಿಂತ ಕಷ್ಟ. ಅವನ ಹೆದರಿಕೆಯನ್ನೂ ನೀವೇ ಹೊರಬೇಕು.

ಮೂರನೇದು ಜನ. ಸೂಪರ್‌ಮಾರ್ಕೆಟ್ಟಿನ ಪಂಪು ಅಂದರೆ ಜನಕ್ಕೆ ಎರಡು ಸಿಟ್ಟು, ಒಂದು ರೇಟಿನ ಮೇಲೆ, ಇನ್ನೊಂದು ಗ್ಯಾಸಿನ ಮೇಲೆ. ರಸ್ತೆಗೆ ಕಾಣುವ ಬೋರ್ಡಿನಲ್ಲಿ ದೊಡ್ಡದಾಗಿ ಒಂದು ರೇಟು ಇರುತ್ತದೆ. ಅದನ್ನು ನೋಡಿ ತಿರುಗಿಸಿಕೊಂಡು ಬರುತ್ತಾರೆ. ಆ ರೇಟು ಅಂಗಡಿಯ ಕಾರ್ಡು ಇದ್ದವರಿಗೆ, ಅದೂ ನೋಟು ಕೊಟ್ಟರೆ. ಅದನ್ನು ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿರುತ್ತದೆ. ಅಂಗಡಿಯಲ್ಲಿ ಸಾಮಾನು ಕೊಂಡು ಪಾಯಿಂಟು ಸೇರಿಸಿದ್ದರೆ ಇನ್ನೂ ಕಡಿಮೆ. ಇದೇನೂ ಇಲ್ಲದವನಿಗೆ ಎದುರುಗಡೆ ಪಂಪಿಗಿಂತ ಜಾಸ್ತಿ ಬೀಳುತ್ತದೆ. ಅವನು ಬೋರ್ಡ್ ಬರೆಸಿದವನನ್ನು ಬೈಯುವುದಿಲ್ಲ, ನಳಿಗೆ ಹಿಡಿದವಳನ್ನು ಬೈಯುತ್ತಾನೆ. ಒಬ್ಬ ರಸೀದಿಯನ್ನು ಉಂಡೆ ಮಾಡಿ ನನ್ನ ಮುಖಕ್ಕೆ ಎಸೆದ. ಇನ್ನೊಬ್ಬ ಸಿಟ್ಟಿನಲ್ಲಿ ನಳಿಗೆ ಸಿಕ್ಕಿಸಿಕೊಂಡೇ ಗಾಡಿ ಹೊಡೆದ. ರಬ್ಬರಿನ ಪೈಪು ಕಿತ್ತು ಹಾವಿನ ಹಾಗೆ ಹಾರಿ ನನ್ನ ಮೊಣಕಾಲಿಗೆ ಬಡಿಯಿತು. ಆ ಗುರುತು ಈಗಲೂ ಇದೆ.

ಗ್ಯಾಸು ಚೆನ್ನಾಗಿಲ್ಲ ಅನ್ನುವವರು ದಿನಕ್ಕೆ ನಾಲ್ಕು ಜನವಾದರೂ ಇದ್ದರು. ನಿಮ್ಮಲ್ಲಿ ಹಾಕಿಸಿದ ಮೇಲೆ ಗಾಡಿ ಕೆಮ್ಮುತ್ತದೆ, ಮೈಲೇಜ್ ಬರುವುದಿಲ್ಲ, ನೀರು ಬೆರೆಸುತ್ತೀರಿ ಅನ್ನುವರು. ಅದಕ್ಕೆ ಶ್ರೀಧರ ನನಗೆ ಇಂಗ್ಲಿಷಿನಲ್ಲಿ ಒಂದು ಉತ್ತರ ಬಾಯಿಪಾಠ ಮಾಡಿಸಿದ್ದ. ಎಲ್ಲ ಪಂಪಿಗೂ ಒಂದೇ ಕಡೆಯಿಂದ ಬರುತ್ತದೆ, ಒಂದೇ ಗ್ಯಾಸು ಎಂದು ಅದರ ಅರ್ಥ. ಅದು ಸುಳ್ಳಲ್ಲ. ಅದೇ ಟ್ಯಾಂಕರು ನಮಗೆ ಹಾಕಿ ಎದುರುಗಡೆಯವರಿಗೂ ಹಾಕುತ್ತಿತ್ತು. ಮೊದಲ ವರ್ಷ ಯಾರಾದರೂ ದೂರು ಹೇಳಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆರನೇ ವರ್ಷದ ಹೊತ್ತಿಗೆ ಅವರು ಬಾಯಿ ತೆರೆಯುವ ಮೊದಲೇ ನನ್ನ ಉತ್ತರ ಹೊರಗೆ ಬರುತ್ತಿತ್ತು. ನನಗೆ ಹೆದರಿಕೆ ಹೋಗಿತ್ತು.

ಇನ್ನು ಟ್ಯಾಂಕಿನ ವಿಷಯ. ಗ್ಯಾಸು ಇರುವುದು ನೆಲದೊಳಗೆ ಹೂತಿಟ್ಟ ಟ್ಯಾಂಕಿನಲ್ಲಿ. ಅಂಗಳದಲ್ಲಿ ದುಂಡಗಿನ ಕಬ್ಬಿಣದ ಮುಚ್ಚಳಗಳಿರುತ್ತವೆ, ಬಿಳಿ ಬಣ್ಣದ್ದು ಮಾಮೂಲಿ, ಕೆಂಪು ದುಬಾರಿ, ಹಳದಿ ಡೀಸೆಲ್. ಮುಚ್ಚಳ ಎತ್ತಿದರೆ ಒಳಗೆ ಬಕೆಟ್ಟಿನಂಥ ಒಂದು ಗುಂಡಿ, ಅದರ ನಡುವೆ ಟ್ಯಾಂಕಿಗೆ ಹೋಗುವ ಕೊಳವೆ. ಟ್ಯಾಂಕರಿನವನು ಪೈಪು ಬಿಚ್ಚುವಾಗ ಚೆಲ್ಲಿದ ಗ್ಯಾಸು ಆ ಗುಂಡಿಯಲ್ಲಿ ನಿಲ್ಲುತ್ತದೆ. ಗುಂಡಿಯ ತಳದಲ್ಲಿ ಚೈನು ಕಟ್ಟಿದ ಒಂದು ಬಿರಡೆ. ಎಳೆದರೆ ನಿಂತಿದ್ದು ಇಳಿದುಹೋಗುತ್ತದೆ. ಅವನು ಎಳೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಬಚ್ಚಲಿನ ಬಿರಡೆಯ ಹಾಗೆ ಮೋರಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ.

ಈಗೆಲ್ಲ ಟ್ಯಾಂಕಿನೊಳಗೆ ಯಂತ್ರ ಇಳಿಬಿಟ್ಟಿರುತ್ತಾರೆ. ಎಷ್ಟು ಗ್ಯಾಸು, ಎಷ್ಟು ನೀರು ಎಲ್ಲ ಒಳಗಿನ ಪರದೆಯಲ್ಲಿ ಬರುತ್ತದೆ. ನಮ್ಮಲ್ಲಿ ಆ ಯಂತ್ರ ಕೆಟ್ಟು ತಿಂಗಳುಗಟ್ಟಲೆ ಆಗಿತ್ತು. ಅದಕ್ಕೆ ದಿನಾ ಬೆಳಿಗ್ಗೆ ಪಂಪು ತೆರೆಯುವ ಮೊದಲು ನಾನೇ ಕೋಲು ಇಳಿಸಿ ನೋಡುತ್ತಿದ್ದೆ. ಆಳೆತ್ತರಕ್ಕಿಂತ ಉದ್ದದ ಮರದ ಕೋಲು. ಅದರ ತುದಿಗೆ ಕಂದು ಬಣ್ಣದ ಒಂದು ಪೇಸ್ಟು ಸವರಬೇಕು. ಟ್ಯಾಂಕಿನ ತಳದಲ್ಲಿ ನೀರಿದ್ದರೆ ಪೇಸ್ಟು ಅಷ್ಟು ಎತ್ತರಕ್ಕೆ ಕೆಂಪಾಗುತ್ತದೆ. ಅಷ್ಟು ತಿಂಗಳಲ್ಲಿ ನಾನು ಅದು ಕೆಂಪಾದದ್ದನ್ನು ಒಂದು ಸಲವೂ ನೋಡಿರಲಿಲ್ಲ.

ಆ ವರ್ಷ ಆಯುಧಪೂಜೆ ಗುರುವಾರ ಬಂತು. ಪಂಪಿಗೂ ಪೂಜೆ ಮಾಡೋಣ ಎಂದು ನಾನೇ ಅಂದೆ. ಆರು ವರ್ಷದಿಂದ ಅನ್ನ ಹಾಕಿದ ಯಂತ್ರ. ಶ್ರೀಧರನಿಗೂ ಖುಷಿಯಾಯಿತು. ಬಾಗಿಲು ತೆರೆಯುವ ಮೊದಲು ಮುಗಿಸಬೇಕು, ತೆಂಗಿನಕಾಯಿ ಒಡೆಯಬಾರದು, ದೀಪ ಹಚ್ಚಲೇಬಾರದು ಅಂದ. ದೀಪ ಹಚ್ಚುವಷ್ಟು ದಡ್ಡಿ ನಾನಲ್ಲ ಅಂದೆ.

ಬೆಳಿಗ್ಗೆ ಬೇಗ ಹೋದೆ. ಪೂಜೆ ಅಂದರೆ ಮೊದಲು ತೊಳೆಯಬೇಕಲ್ಲ. ಹೋಸ್ ಪೈಪು ಹಿಡಿದು ಅಂಗಳ ಪೂರ್ತಿ ತೊಳೆದೆ. ಎಂಟು ಪಂಪುಗಳನ್ನೂ ಸೋಪು ಹಾಕಿ ಉಜ್ಜಿದೆ. ಆಮೇಲೆ ಬಿಳಿ ಮುಚ್ಚಳ ಎತ್ತಿ ನೋಡಿದರೆ ಆ ಗುಂಡಿಯಲ್ಲಿ ಕಪ್ಪು ಗಸಿ, ಒಣಗಿದ ಎಲೆ. ದೇವರ ಪಾತ್ರೆಯನ್ನು ಹಾಗೆ ಬಿಡುವುದಕ್ಕಾಗುತ್ತದೆಯೇ. ಬ್ರಷ್ ಹಾಕಿ ತಿಕ್ಕಿದೆ, ಹೋಸ್ ಬಿಟ್ಟೆ, ಬಿರಡೆ ಎಳೆದೆ. ಕೈ ಬಿಟ್ಟರೆ ಅದು ತಾನೇ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ಚೈನನ್ನು ಎಳೆದು ಒಂದು ಕಲ್ಲಿಗೆ ಸಿಕ್ಕಿಸಿ, ಹೋಸನ್ನು ಗುಂಡಿಯಲ್ಲೇ ಬಿಟ್ಟು, ಪಂಪುಗಳಿಗೆ ಅರಿಶಿನ ಕುಂಕುಮ ಹಚ್ಚಲು ಹೋದೆ. ಎಂಟಕ್ಕೂ ಚೆಂಡುಹೂವಿನ ಸರ ಕಟ್ಟಿ ಬರುವಷ್ಟು ಹೊತ್ತು ನೀರು ಹರಿಯಿತು. ಕೋಲಿಗೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಕುಂಕುಮ ಇಟ್ಟೆ. ಗುಂಡಿ ಫಳಫಳ ಅನ್ನುತ್ತಿತ್ತು. ಅವತ್ತು ಕೋಲು ಇಳಿಸಲಿಲ್ಲ. ಪೂಜೆ ಮಾಡಿದ ಆಯುಧವನ್ನು ಆ ದಿನ ಬಳಸುವುದಿಲ್ಲ, ಅದು ನಮ್ಮ ಮನೆಯ ಪದ್ಧತಿ. ಶ್ರೀಧರ ಕೇಳಿದ್ದಕ್ಕೆ ನಿನ್ನೆಯದೇ ಲೆಕ್ಕ ಅಂದೆ. ಅವನು ಪ್ರಸಾದ ತಿಂದು ಒಳಗೆ ಹೋದ.

ಗುರುವಾರ ಏನೂ ಆಗಲಿಲ್ಲ. ನೀರು ಭಾರ, ತಳದಲ್ಲಿ ಕೂತಿತ್ತು. ಪಂಪು ಗ್ಯಾಸನ್ನು ಎಳೆಯುವುದು ತಳಕ್ಕಿಂತ ಸ್ವಲ್ಪ ಮೇಲಿನಿಂದ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

ಶುಕ್ರವಾರ ಬೆಳಕು ಹರಿಯುವ ಮೊದಲು ಟ್ಯಾಂಕರು ಬಂದು ಹೊಸ ಗ್ಯಾಸು ಸುರಿದು ಹೋಯಿತು. ತಳದ ನೀರೆಲ್ಲ ಕಲಕಿತು. ನಾನು ಹೋಗಿ ಕೋಲು ಇಳಿಸಿದೆ. ಎತ್ತಿದಾಗ ತುದಿಯಲ್ಲಿ ನಾಲ್ಕು ಬೆರಳಷ್ಟು ಕೆಂಪು.

ನಾನು ಅದನ್ನು ನಿನ್ನೆಯ ಕುಂಕುಮ ಎಂದುಕೊಂಡೆ. ಗ್ಯಾಸಿಗೆ ಕರಗಿ ಪೇಸ್ಟಿನ ಮೇಲೆ ಇಳಿದಿದೆ ಎಂದುಕೊಂಡೆ. ಬಟ್ಟೆಯಲ್ಲಿ ಒರೆಸಿ ಕೋಲನ್ನು ಗೋಡೆಗೆ ಒರಗಿಸಿ, ಪಂಪು ತೆರೆದೆ.

ಹತ್ತು ಗಂಟೆಯ ಹೊತ್ತಿಗೆ ಒಬ್ಬ ವಾಪಸ್ಸು ಬಂದ, ಗಾಡಿ ಕೆಮ್ಮುತ್ತಿದೆ ಅಂದ. ನನ್ನ ಬಾಯಿಪಾಠದ ಉತ್ತರ ಕೊಟ್ಟೆ. ಇನ್ನೊಬ್ಬಳು ಬಂದಳು, ಅವಳಿಗೂ ಅದೇ. ಮೂರನೆಯವನು ಕಾರನ್ನು ರಸ್ತೆಯಲ್ಲೇ ಬಿಟ್ಟು ನಡೆದುಕೊಂಡು ಬಂದು ಕೂಗಾಡಿದ. ರೇಟು ಜಾಸ್ತಿ ಎಂದು ಕೂಗುವವರೂ ಹೀಗೇ ಕೂಗುತ್ತಿದ್ದರು. ನನಗೆ ವ್ಯತ್ಯಾಸ ತಿಳಿಯಲಿಲ್ಲ.

ಹನ್ನೊಂದೂಕಾಲಿಗೆ ಶಬಾನಾ ಬಂದಳು. ಅವಳು ಮೈಸೂರಿನ ಉದಯಗಿರಿಯ ಕಡೆಯವಳು, ಇಲ್ಲಿ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಅವಳ ತಂದೆ ಬಷೀರ್ ಸಾಹೇಬರಿಗೆ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಶುಕ್ರವಾರ ಹನ್ನೆರಡು ಗಂಟೆಗೆ. ಶುಕ್ರವಾರ ಅಂಗಡಿಯಲ್ಲಿ ಸಾಮಾನು ತೆಗೆದುಕೊಂಡು, ಪಾಯಿಂಟಿನಲ್ಲಿ ಗ್ಯಾಸು ಹಾಕಿಸಿಕೊಂಡು, ತಂದೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಪಾಯಿಂಟಿಗೆ ಅವಳ ಫೋನ್ ನಂಬರನ್ನು ಪಂಪಿನ ಅಂಕಿಯ ಬಟನ್ನುಗಳ ಮೇಲೆ ನಾನೇ ಒತ್ತುತ್ತಿದ್ದೆ. ಒಂದು ವರ್ಷದಿಂದ ಒತ್ತಿದ್ದೆ.

ಅವತ್ತು ಆ ಮೂರನೆಯವನ ಕೂಗಾಟ ನೋಡಿ ಅವಳು ಕಿಟಕಿ ಇಳಿಸಿದಳು.

“ಆಂಟಿ, ಗ್ಯಾಸ್ ಸರಿಯಿದ್ಯಾ? ನಮ್ಮ ಮೆಕ್ಯಾನಿಕ್ ಬೈತಾನೆ ಇರ್ತಾನೆ, ಸೂಪರ್‌ಮಾರ್ಕೆಟ್ ಗ್ಯಾಸ್ ಹಾಕಿಸ್ಬೇಡಿ ಅಂತ.”

“ಅವನು ಗ್ಯಾಸ್ ಮಾರಲ್ವಲ್ಲ, ಅದಕ್ಕೇ ಬೈತಾನೆ. ಧೈರ್ಯವಾಗಿ ಹಾಕಿಸ್ಕೊ.”

ಹಿಂದಿನಿಂದ ಬಷೀರ್ ಸಾಹೇಬರು ನಕ್ಕರು. ಅವರ ಮುಖ ಊದಿತ್ತು, ಡಯಾಲಿಸಿಸ್ ದಿನ ಹಾಗೇ ಇರುತ್ತಿತ್ತು. ಹಬ್ಬ ಆಯ್ತಾ ಜಯಮ್ಮನವರೇ ಎಂದು ಕೇಳಿದರು. ಆಯಿತು ಅಂದೆ. ಟ್ಯಾಂಕು ಪೂರ್ತಿ ತುಂಬಿ ಕಳಿಸಿದೆ.

ಅವರು ಹೋಗಿ ಐದು ನಿಮಿಷವಾಗಿರಬಹುದು. ಕೂಗಾಡುತ್ತಿದ್ದವನು ತನ್ನ ಕಾರಿನಿಂದ ತೆಗೆದ ಗ್ಯಾಸನ್ನು ಒಂದು ಸೋಡಾ ಬಾಟಲಿಯಲ್ಲಿ ತಂದು ನನ್ನ ಮೂಗಿನ ಮುಂದೆ ಹಿಡಿದ. ಬಾಟಲಿಯಲ್ಲಿ ಎರಡು ಪದರ ಇತ್ತು. ಮೇಲೆ ಹಳದಿ, ಕೆಳಗೆ ತಿಳಿ. ನಮ್ಮನೆಯಲ್ಲಿ ದೀಪದ ಲೋಟಕ್ಕೆ ನೀರು ಹಾಕಿ ಮೇಲೆ ಎಣ್ಣೆ ಬಿಟ್ಟಹಾಗೆ.

ಕೋಲನ್ನು ಸೋಪು ಹಾಕಿ ತೊಳೆದೆ, ಕುಂಕುಮದ ಗುರುತೂ ಇಲ್ಲದಹಾಗೆ. ಒಣಗಿಸಿ ಹೊಸ ಪೇಸ್ಟು ಸವರಿ ಇಳಿಸಿದೆ. ಎತ್ತಿದೆ. ನಾಲ್ಕು ಬೆರಳಷ್ಟು ಕೆಂಪು.

ಶ್ರೀಧರನನ್ನು ಕರೆದು ತೋರಿಸಿದೆ. ಮಳೆ ಬಂದಿಲ್ಲವಲ್ಲ, ನೀರು ಎಲ್ಲಿಂದ ಬಂತು ಎಂದು ಅವನು ಕೇಳಿದ. ನಿನ್ನೆ ಗುಂಡಿ ತೊಳೆದೆ, ಆದರೆ ನೀರನ್ನೆಲ್ಲ ಬಿರಡೆ ಎಳೆದು ಮೋರಿಗೆ ಬಿಟ್ಟೆ ಅಂದೆ. ಅವನು ಕೋಲನ್ನು ಕೆಳಗಿಟ್ಟ.

“ಆಂಟಿ, ಅದು ಮೋರಿಗೆ ಹೋಗಲ್ಲ. ಟ್ಯಾಂಕಿಗೇ ಹೋಗುತ್ತೆ.”

ಆ ಕ್ಷಣಕ್ಕೆ ನನಗೆ ಕಂಡಿದ್ದು ಬಷೀರ್ ಸಾಹೇಬರ ಊದಿದ ಮುಖ. ಡಯಾಲಿಸಿಸ್ಸಿಗೆ ಹೋಗುವ ದಾರಿ ರೂಟ್ ಒನ್. ಲಾರಿಗಳು ಒಂದರ ಹಿಂದೆ ಒಂದು ಹಾರುವ ರಸ್ತೆ. ಅಲ್ಲಿ ಗಾಡಿ ನಿಂತರೆ ಹಿಂದಿನವನಿಗೆ ಬ್ರೇಕ್ ಹಿಡಿಯಲೂ ಹೊತ್ತಿರುವುದಿಲ್ಲ. ಯಾರೂ ಗುದ್ದದೆ ಹೋದರೂ ಹನ್ನೆರಡಕ್ಕೆ ತಲುಪದಿದ್ದರೆ ಮೈಯಲ್ಲಿನ ನೀರು ಪುಪ್ಪುಸಕ್ಕೆ ಏರುತ್ತದೆ ಎಂದು ಶಬಾನಾನೇ ಒಮ್ಮೆ ಹೇಳಿದ್ದಳು.

ಪಂಪು ನಿಲ್ಲಿಸು ಎಂದು ಶ್ರೀಧರನಿಗೆ ಅಂದೆ. ಮೊದಲು ಆಫೀಸಿಗೆ ಫೋನ್ ಮಾಡಬೇಕು, ಕೇಳದೆ ನಿಲ್ಲಿಸುವ ಹಾಗಿಲ್ಲ ಅಂದ. ಫೋನ್ ಹಚ್ಚಿದ. ಆ ಕಡೆಯವರು ಕಾಯಲು ಹೇಳಿ ಸಂಗೀತ ಹಾಕಿದರು. ಅವನು ಸಂಗೀತ ಕೇಳುತ್ತ ಎದ್ದು ನಿಂತಿದ್ದ. ಹೊರಗೆ ಜೊತೆ ಕೆಲಸದವರು ಎಂಟು ಕಾರಿಗೆ ತುಂಬುತ್ತಿದ್ದರು, ಒಂದರಲ್ಲಿ ಕೂಸನ್ನು ಹಿಂದಿನ ಸೀಟಿಗೆ ಕಟ್ಟಿದ್ದರು. ಗೋಡೆಯ ಮೇಲೆ ಅಂಗೈಯಷ್ಟು ದೊಡ್ಡ ಕೆಂಪು ಬಟನ್ನು ಇರುತ್ತದೆ, ಬೆಂಕಿ ಬಿದ್ದರೆ ಮಾತ್ರ ಒತ್ತಬೇಕು. ನಾನು ಒತ್ತಿದೆ. ಎಲ್ಲ ಪಂಪೂ ಒಟ್ಟಿಗೆ ಸತ್ತವು. ಹಾರನ್‌ಗಳು ಶುರುವಾದವು. ಶ್ರೀಧರ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಕುರ್ಚಿಯಲ್ಲಿ ಕುಸಿದು ಕೂತ.

ಶಬಾನಾಳ ನಂಬರು ಕಂಪ್ಯೂಟರಿನಲ್ಲಿ ಇರುತ್ತದೆ, ತೆಗೆದುಕೊಡು ಅಂದೆ. ಆಗುವುದಿಲ್ಲ ಅಂದ. ಗಿರಾಕಿಗಳ ನಂಬರು ಮುಟ್ಟಿದರೆ ಕೆಲಸ ಹೋಗುತ್ತದಂತೆ.

“ಫೋನ್ ಮಾಡಿ ಏನಂತ ಹೇಳ್ತೀರಿ? ನಾನೇ ನೀರು ಹಾಕ್ದೆ ಅಂತಾನಾ?”

ನನಗೆ ಆ ನಂಬರು ಬಾಯಿಗೆ ಬರುತ್ತಿರಲಿಲ್ಲ. ಅವಳು ಒಂದು ಸಲ ಹೇಳಿದ್ದಳು, ಆಮೇಲೆ ನನ್ನ ಬೆರಳೇ ಒತ್ತುತ್ತಿತ್ತು. ಹೊರಗೆ ಹೋಗಿ, ಸತ್ತ ಪಂಪಿನ ಬಟನ್ನುಗಳ ಮೇಲೆ ಕಣ್ಣು ಮುಚ್ಚಿ ಬೆರಳು ಓಡಿಸಿದೆ. ಎಲ್ಲೆಲ್ಲಿ ನಿಂತಿತೋ ಆ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡೆ. ಎರಡು ಸಲ ನಡುವೆ ತಪ್ಪಿತು. ಮೂರನೇ ಸಲ ಹತ್ತು ಅಂಕಿ ಬಂದವು. ಕಾರಿನವರು ಸುತ್ತ ನಿಂತು ಬೈಯುತ್ತಿದ್ದರು. ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಐದನೇ ಸಲಕ್ಕೆ ಯಾರೋ ಕತ್ತರಿಸಿದರು. ಅದು ಬದುಕಿರುವ ಗುರುತು ಎಂದುಕೊಂಡೆ. ಆರನೇ ಸಲ ರಿಂಗೇ ಆಗದೆ ನೇರವಾಗಿ ಅವಳ ರೆಕಾರ್ಡು ಮಾಡಿದ ಮಾತು ಬಂತು. ಏಳನೇ ಸಲವೂ ಅದೇ. ಆಮೇಲೆ ಹಚ್ಚಲು ಕೈ ಬರಲಿಲ್ಲ. ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿಕೊಂಡು ಹೋಯಿತು. ಆ ರಸ್ತೆಯಲ್ಲಿ ದಿನಕ್ಕೆ ಹತ್ತು ಹೋಗುತ್ತವೆ. ಅವತ್ತು ಪ್ರತಿಯೊಂದಕ್ಕೂ ಎದ್ದು ನಿಂತೆ.

ಶ್ರೀಧರ ದಾರಿಗೆ ಅಡ್ಡ ಹಳದಿ ಪಟ್ಟಿ ಕಟ್ಟಿದ. ಎರಡು ಗಂಟೆಗೆ ಆಫೀಸಿನವರು ಫೋನಿಗೆ ಸಿಕ್ಕರು. ನಾಳೆ ಒಂಬತ್ತಕ್ಕೆ ಕಂಪನಿಯವರು ಬರುತ್ತಾರೆ, ಎಲ್ಲರ ಹೇಳಿಕೆ ತೆಗೆದುಕೊಳ್ಳುತ್ತಾರೆ ಎಂದು ಬಂದು ಹೇಳಿದ. ನನ್ನ ಪಕ್ಕ ಕೂತು ನಿಧಾನವಾಗಿ ಮಾತಾಡಿದ.

“ಟ್ಯಾಂಕರ್ ಇವತ್ತು ಬೆಳಿಗ್ಗೆ ಬಂದಿತ್ತು. ಆಮೇಲೆ ನೀರು ಕಾಣಿಸ್ತು. ಅಷ್ಟೇ ಸಾಕು ಆಂಟಿ. ನೀವು ಪೂಜೆ, ತೊಳೆದಿದ್ದು ಏನೂ ಎತ್ತಬೇಡಿ. ನಿಮ್ಮ ಮಾತನ್ನ ನಾನೇ ಇಂಗ್ಲಿಷಲ್ಲಿ ಹೇಳ್ತೀನಿ.”

ಟ್ಯಾಂಕರಿನವನ ಗತಿ ಏನು ಎಂದು ಕೇಳಿದೆ. ಅವನಿಗೆ ಯೂನಿಯನ್ ಇದೆ ಅಂದ. ಇತ್ತೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ನಾನು ಒಪ್ಪಿದೆ. ಒಪ್ಪಿದೆ ಎಂದು ಬರೆಯಲು ನಾಚಿಕೆಯಿಲ್ಲ. ಮನೆಯಲ್ಲಿ ಯಜಮಾನರ ಮಾತ್ರೆ ಬರುತ್ತಿದ್ದದ್ದು ನನ್ನ ಕೆಲಸದ ಇನ್ಶೂರೆನ್ಸಿನಲ್ಲಿ.

ಐದು ಗಂಟೆಗೆ ಒಂದು ಟ್ಯಾಕ್ಸಿ ಬಂದು ಹಳದಿ ಪಟ್ಟಿಯ ಆಚೆ ನಿಂತಿತು. ಶಬಾನಾ ಇಳಿದಳು. ಒಬ್ಬಳೇ ಇಳಿದಳು. ಅವಳ ಸಲ್ವಾರಿನ ಒಂದು ಕಡೆ ಮಂಡಿಯಿಂದ ಕೆಳಗೆ ಹರಿದಿತ್ತು. ಟ್ಯಾಕ್ಸಿಯೊಳಗೆ ಬಗ್ಗಿ ನೋಡಿದೆ, ಅವಳ ಅಪ್ಪ ಇರಲಿಲ್ಲ.

ಅವಳೇ ಹೇಳಿದಳು. ಫ್ಲೈಓವರ್ ಏರುವಾಗ ಗಾಡಿ ಎರಡು ಸಲ ಜಗ್ಗಿ ನಿಂತುಬಿಟ್ಟಿತಂತೆ. ಪಕ್ಕಕ್ಕೆ ತೆಗೆಯಲು ಅಲ್ಲಿ ಜಾಗವಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತಂತೆ, ಕತ್ತರಿಸಿ ಪೊಲೀಸರಿಗೆ ಮಾಡಿದಳಂತೆ. ತಂದೆಯನ್ನು ಬೆನ್ನಿಗೆ ಆನಿಸಿಕೊಂಡು ತಡೆಗೋಡೆಯ ಆಚೆ ಇಳಿಸುವಾಗ ಬಿದ್ದಳಂತೆ. ಅವರಿಬ್ಬರೂ ಆಚೆ ಹೋದ ಮೇಲೆ ಒಂದು ವ್ಯಾನು ಬಂದು ಖಾಲಿ ಕಾರಿಗೆ ಗುದ್ದಿತಂತೆ. ಹಿಂದಿನ ಸೀಟು ಮುಂದಿನ ಸೀಟಿಗೆ ಬಂದು ಸೇರಿತ್ತು ಎಂದು ಕೈಯಲ್ಲಿ ತೋರಿಸಿದಳು. ಡಯಾಲಿಸಿಸ್‌ನವರು ಪುಣ್ಯಕ್ಕೆ ಮೂರು ಗಂಟೆಗೆ ಸೇರಿಸಿಕೊಂಡರಂತೆ. ಅಲ್ಲಿ ಅವಳ ಗಂಡ ಜೊತೆಗಿದ್ದಾನೆ, ಅಬ್ಬಾ ಚೆನ್ನಾಗಿದ್ದಾರೆ ಅಂದಳು. ತಂದೆಯನ್ನು ಅವಳು ಅಬ್ಬಾ ಅನ್ನುತ್ತಿದ್ದಳು.

ನಾನು ಕೂತೆ.

ಶ್ರೀಧರ ಒಳಗಿಂದ ಬಂದು, ಟ್ಯಾಂಕರಿನವನ ತಪ್ಪು, ಕಂಪನಿ ವಿಚಾರಣೆ ಮಾಡುತ್ತದೆ ಎಂದು ಹೇಳಿದ. ಅವಳು ಅವನನ್ನು ನೋಡಲೇ ಇಲ್ಲ.

“ಏಳು ಮಿಸ್ಡ್ ಕಾಲ್ ಇತ್ತು ಆಂಟಿ. ಗೊತ್ತಿಲ್ಲದ ನಂಬರ್. ನಿಮ್ದಾ?”

“ನಂದೇ.”

“ಗ್ಯಾಸ್ ಕೆಟ್ಟಿದೆ ಅಂತ ಹೇಳೋಕಾ?”

ಹೂಂ ಅಂದೆ. ಅವಳು ಬಗ್ಗಿ ನನ್ನ ಎರಡೂ ಕೈ ಹಿಡಿದುಕೊಂಡಳು. ಅಂಗೈಯಲ್ಲಿ ಅವಳ ನಂಬರು ಇನ್ನೂ ಇತ್ತು.

“ಇಷ್ಟು ದೊಡ್ಡ ಅಂಗಡೀಲಿ ನೀವೊಬ್ರಾದ್ರೂ ಫೋನ್ ಮಾಡಿದ್ರಲ್ಲ. ಆ ಟ್ಯಾಂಕರ್ನವನನ್ನ ನಾನು ಸುಮ್ನೆ ಬಿಡಲ್ಲ. ಅವನ ಹೆಸರು ಕೊಡಿ.”

ಗೊತ್ತಿಲ್ಲ ಅಂದೆ. ಅದೊಂದು ನಿಜ. ಅವನ ಹೆಸರು ನಾನು ಯಾವತ್ತೂ ಕೇಳಿರಲಿಲ್ಲ. ಹೆಸರು ನಾನು ಕೊಡುತ್ತೇನೆ ಮೇಡಂ ಎಂದು ಶ್ರೀಧರ ಅಂದ.

ಮನೆಗೆ ಹೋದೆ. ಯಜಮಾನರಿಗೆ ಊಟ ಬಡಿಸಿ ಎಲ್ಲ ಹೇಳಿದೆ. ಅವರು ಮಾತ್ರೆಯ ಡಬ್ಬಿ ತೆಗೆದು ನೋಡಿದರು. ಆಮೇಲೆ, ನಿನ್ನಿಷ್ಟ ಅಂದರು. ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅಲ್ಲಿಯವರೆಗೆ ನನಗೆ ಹೆದರಿಕೆ ಇದ್ದದ್ದು ಕೆಲಸದ ಮೇಲೆ. ಅವತ್ತು ಅದು ಜಾಗ ಬದಲಾಯಿಸಿತು. ಬರುವ ಶುಕ್ರವಾರ ಅವಳು ಇನ್ನೊಂದು ಕಾರು ತಂದು ನನ್ನ ಮುಂದೆ ನಿಲ್ಲಿಸಿ ಗ್ಯಾಸ್ ಸರಿಯಿದ್ಯಾ ಆಂಟಿ ಎಂದು ಕೇಳುತ್ತಾಳೆ, ನಾನು ಹೇಳಿದ್ದನ್ನು ನಂಬುತ್ತಾಳೆ. ನಿಜ ಹೇಳಿಬಿಡುವುದು ಎಂದುಕೊಂಡೆ. ಕಂಪನಿಯವರ ಹತ್ತಿರ ನಾನು ಹೇಳಬೇಕಾದರೆ ಇಂಗ್ಲಿಷು ಬೇಕು.

ನಾನು ಏನು ಹೇಳಿದರೂ ಶ್ರೀಧರನ ಬಾಯಲ್ಲಿ ಅದು ಟ್ಯಾಂಕರಿನವನ ತಪ್ಪಾಗಿಯೇ ಹೊರಗೆ ಬರುತ್ತದೆ. ಕನ್ನಡವೂ ಇಂಗ್ಲಿಷೂ ಎರಡೂ ಬರುವವರು ನನಗೆ ಇನ್ನೊಬ್ಬರೇ ಗೊತ್ತಿದ್ದದ್ದು.

ಮಾರನೆ ದಿನ ಬೆಳಿಗ್ಗೆ ಏಳು ಗಂಟೆಗೆ ಶಬಾನಾಳ ಅಪಾರ್ಟ್‌ಮೆಂಟಿನ ಬಾಗಿಲು ಬಡಿದೆ. ಹಿಂದೊಮ್ಮೆ ಅವಳು ಕರೆದಿದ್ದಳು, ಮನೆ ಗೊತ್ತಿತ್ತು. ಅವಳು ತೆಗೆದಳು. ಒಳಗೆ ಬನ್ನಿ ಅಂದಳು, ನಾನು ಹೋಗಲಿಲ್ಲ. ಟ್ಯಾಂಕರಿನವನಲ್ಲ, ನೀರು ಹಾಕಿದವಳು ನಾನು ಅಂದೆ. ಒಂಬತ್ತಕ್ಕೆ ಕಂಪನಿಯವರು ಬರುತ್ತಾರೆ, ಇದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಲು ನೀನು ಬರಬೇಕು ಅಂದೆ. ಅವಳು ಬಾಗಿಲು ಹಿಡಿದುಕೊಂಡೇ ನಿಂತಳು. ಒಳಗಿಂದ ಬಷೀರ್ ಸಾಹೇಬರು ಯಾರು ಬಂದಿರುವುದು ಎಂದು ಕೇಳಿದರು. ಅವಳು ಬಾಗಿಲು ಮುಚ್ಚಿದಳು. ನಾನು ಮೆಟ್ಟಿಲ ಮೇಲೆ ಕೂತೆ. ಬಹಳ ಹೊತ್ತಾದ ಮೇಲೆ ಕೋಟು ಹಾಕಿಕೊಂಡು ಹೊರಗೆ ಬಂದು, ನನ್ನನ್ನು ದಾಟಿಕೊಂಡು ಮುಂದೆ ನಡೆದಳು. ಅವಳಿಗೆ ಕಾರಿರಲಿಲ್ಲ. ಬಸ್ಸು ಹತ್ತಿದೆವು. ಅವಳು ನನ್ನ ಮುಂದಿನ ಸೀಟಿನಲ್ಲಿ, ನನಗೆ ಬೆನ್ನು ಹಾಕಿ ಕೂತಳು. ಎರಡು ಸ್ಟಾಪು ಹೋದ ಮೇಲೆ, ತಿರುಗದೆಯೇ ಅಂದಳು:

“ಮೊದಲಿಂದ ಹೇಳಿ. ಏನೂ ಬಿಡಬೇಡಿ.”

ಮೊದಲಿನಿಂದ ಹೇಳಿದೆ.